ಮರಳಿಗೆ ಮೋಟಾರು ಹೂಡಿದ ಬ್ಯಾಗ್ನೋಲ್ಡ್

ಮಹನೀಯರ ಜೀವನಚರಿತ್ರೆಯೆಂದರೆ ರಾಜರದು, ಸಂತರದು, ಕವಿಗಳದು, ಇಲ್ಲವೆ ದೇಶಕ್ಕಾಗಿ ಸೆರೆಮನೆ ಸೇರಿದವರದು ಎಂಬುದು ನಮ್ಮಲ್ಲಿ ರೂಢಿಯಾಗಿ ಬಂದಿದೆ. ಈ ಸಂಚಿಕೆಯ ಹಿಂದಿನ ಸಂಪುಟಗಳನ್ನು ತಿರುವಿದರೂ ಅಂಥವರೇ ಸಾಲಾಗಿ ಕುಳಿತಿರುವುದು ಕಾಣುತ್ತದೆ. ಅವರ ಪಂಕ್ತಿಯಲ್ಲಿ, ಮೋಟಾರು ಗಾಡಿಯ ರೇಡಿಯೇಟರಿನಿಂದ ಆವಿಯಾಗಿ ಹೋಗುವ ನೀರನ್ನು ಹಿಡಿದು ಉಳಿಸಿಕೊಂಡವನೊಬ್ಬನನ್ನು ತಂದು ಕೂರಿಸಲು ಹೊರಟಿದ್ದೇನೆ. ಸಂಪಾದಕರು ಒಪ್ಪಿದ್ದಾರೆ, ವಾಚಕರೂ ಒಪ್ಪುವರೆಂದು ನಂಬಿದ್ದೇನೆ.

ರಾಲ್ಫ್ ಆಲ್ಜರ್ ಬ್ಯಾಗ್ನೋಲ್ಡ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಎರಡನೆಯ ವರ್ಷದ ಭೂಗೋಳದ ತರಗತಿಯಲ್ಲಿ. ಅಧ್ಯಾಪಕರು ಕರಿಹಲಗೆಯ ಮೇಲೆ ಬಿದಿಗೆಯ ಚಂದ್ರನ ಆಕಾರದ ಮರಳುದಿಬ್ಬವೊಂದನ್ನು ಬರೆದು, ಗಾಳಿ ಬೀಸುವ ದಿಕ್ಕಿಗೆ ಬಾಣದ ಗುರುತು ಹಾಕಿ, ಮರಳು ಹೇಗೆ ಚಲಿಸುತ್ತದೆಂಬುದನ್ನು ಲೋಕಕ್ಕೆ ತಿಳಿಸಿಕೊಟ್ಟವನು ಸೈನ್ಯದ ಒಬ್ಬ ಎಂಜಿನಿಯರು, ಆತನು ಅದನ್ನು ಕಲಿತದ್ದು ಫೋರ್ಡ್ ಕಾರು ಓಡಿಸುತ್ತ, ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಟ್ಟರು. ಪರೀಕ್ಷೆಗೆ ಬೇಕಾದದ್ದು ಅಷ್ಟೇ. ಆದರೆ ಆ ಫೋರ್ಡ್ ಕಾರು ನನ್ನ ತಲೆಯಿಂದ ಇಳಿಯಲಿಲ್ಲ.

ಅದಕ್ಕೆ ಕಾರಣವಿದೆ. ನಮ್ಮ ತಂದೆಯವರು ಲಾರಿ ಓಡಿಸುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಪ್ರವೇಶದ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬ ಕಡೆ ನಾನು ವ್ಯಾಪಾರ ಎಂದು ಬರೆದೆ. ಯಾರೂ ಕೇಳಲಿಲ್ಲ, ನಾನೂ ತಿದ್ದಲಿಲ್ಲ. ಇದನ್ನು ಇಲ್ಲಿ ಹೇಳುವ ಅಗತ್ಯವಿರಲಿಲ್ಲವೇನೋ. ಆದರೆ ಬ್ಯಾಗ್ನೋಲ್ಡನ ಚರಿತ್ರೆಯನ್ನು ನಾನು ಓದಿದ್ದು ಆ ಬರಹದ ನೆನಪನ್ನು ಇಟ್ಟುಕೊಂಡೇ ಆದ್ದರಿಂದ ಮುಚ್ಚಿಡುವುದು ಸರಿಯಲ್ಲವೆಂದು ತೋರಿತು.

ಚಿಕ್ಕಂದಿನಲ್ಲಿ ಒಮ್ಮೆ ಬೇಸಗೆಯ ರಜೆಯಲ್ಲಿ ಅವರ ಜೊತೆ ಹೋಗಿದ್ದೆ. ಕಡಲೇಕಾಯಿ ಮೂಟೆ ಹೇರಿದ ಲಾರಿ ಒಣಗಿದ ಹಳ್ಳವೊಂದನ್ನು ದಾಟುವಾಗ ಹಿಂದಿನ ಚಕ್ರಗಳು ಮರಳಿನಲ್ಲಿ ಹೂತವು. ಕ್ಲೀನರು ಎಂಜಿನ್ನು ಜೋರಾಗಿ ತಿರುಗಿಸಲು ಹೇಳಿದ. ತಂದೆಯವರು ಕೂಡಲೆ ಎಂಜಿನ್ನು ನಿಲ್ಲಿಸಿ, ಕೆಳಗಿಳಿದು, ಟೈರುಗಳಿಂದ ಸ್ವಲ್ಪ ಗಾಳಿ ಬಿಟ್ಟು, ಚಕ್ರದ ಮುಂದಿನ ಮರಳನ್ನು ಕೈಯಿಂದ ಇಳಿಜಾರಾಗಿ ತೋಡಿ, ಖಾಲಿ ಗೋಣಿಚೀಲಗಳನ್ನೂ ತಂಗಡಿ ಸೊಪ್ಪನ್ನೂ ಹಾಸಿದರು. ಲಾರಿ ಮೆಲ್ಲಗೆ ಎದ್ದು ದಡ ಸೇರಿತು. ಎಷ್ಟೋ ವರ್ಷಗಳಾದ ಮೇಲೆ, ಇದೇ ಉಪಾಯಗಳನ್ನು ಒಂದೊಂದಾಗಿ ಬ್ಯಾಗ್ನೋಲ್ಡನ ಯಾತ್ರೆಗಳ ವೃತ್ತಾಂತದಲ್ಲಿ ಕಂಡಾಗ ನನಗಾದ ಸೋಜಿಗ ಅಷ್ಟಿಷ್ಟಲ್ಲ.

ಬ್ಯಾಗ್ನೋಲ್ಡನು ಹುಟ್ಟಿದ್ದು 1896ರ ಏಪ್ರಿಲ್ 3ರಂದು, ಇಂಗ್ಲೆಂಡಿನ ಪ್ಲಿಮತ್ ಬಳಿಯ ಡೆವನ್‌ಪೋರ್ಟಿನಲ್ಲಿ. ಮನೆತನ ನಮ್ಮದರಂತಲ್ಲ, ತಂದೆ ಸೈನ್ಯದ ಎಂಜಿನಿಯರ ದಳದಲ್ಲಿ ಕರ್ನಲ್ ಆಗಿದ್ದವನು, ಸೂಡಾನಿನಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಗಾರ್ಡನನನ್ನು ಬಿಡಿಸಲು 1884ರಲ್ಲಿ ಹೊರಟ ದಂಡಿನಲ್ಲಿ ಹೋಗಿದ್ದವನು. ಅಕ್ಕ ಎನಿಡ್ ಬ್ಯಾಗ್ನೋಲ್ಡ್ ಮುಂದೆ ಹೆಸರಾಂತ ಕಾದಂಬರಿಕಾರ್ತಿಯಾದಳು. ಹುಡುಗ ಮಾಲ್ವರ್ನ್ ಶಾಲೆಯಲ್ಲಿಯೂ ವುಲಿಚ್ ಸೈನಿಕ ವಿದ್ಯಾಲಯದಲ್ಲಿಯೂ ಓದಿ, 1915ರಲ್ಲಿ ಎಂಜಿನಿಯರ ದಳದ ಅಧಿಕಾರಿಯಾಗಿ ಫ್ರಾನ್ಸಿನ ಯುದ್ಧಭೂಮಿಗೆ ಹೋದನು. ಸೊಮ್, ಈಪ್ರ್, ಪಾಶೆಂಡೇಲ್ ಇವೆಲ್ಲವನ್ನೂ ಕಂಡು ಜೀವಸಹಿತ ಹಿಂತಿರುಗಿದನು. ಯುದ್ಧವಾದ ಮೇಲೆ ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿ, ಮತ್ತೆ ಸೈನ್ಯಕ್ಕೆ ಬಂದು, ತಂತಿ ಮತ್ತು ರೇಡಿಯೋ ಸಂದೇಶಗಳನ್ನು ನೋಡಿಕೊಳ್ಳುವ ಸಿಗ್ನಲ್ ದಳದಲ್ಲಿ ನಿಂತನು. 1926ರಲ್ಲಿ ಆತನನ್ನು ಕೈರೋಗೆ ಹಾಕಿದರು. ಅಲ್ಲಿಂದಲೇ ನಮ್ಮ ಕಥೆ.

ಕೈರೋದಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ರಜೆ ಬಂದರೆ ಪೋಲೋ ಆಡುವರು, ಇಲ್ಲವೆ ಊರಿಗೆ ಹಡಗು ಹತ್ತುವರು. ಬ್ಯಾಗ್ನೋಲ್ಡನೂ ಆತನ ಕೆಲವು ಗೆಳೆಯರೂ ಮಾಡೆಲ್ ಟಿ ಫೋರ್ಡ್ ಕಾರುಗಳಲ್ಲಿ ಊರ ಹೊರಗಿನ ಬಯಲಿಗೆ ಹೋಗತೊಡಗಿದರು. ಮೊದಲು ಸಿನಾಯ್, ಆಮೇಲೆ ಪಡುವಣ ದಿಕ್ಕಿನ ಸೀವಾ ಓಯಸಿಸ್. ಅದಕ್ಕೂ ಪಡುವಣಕ್ಕೆ, ತೆಂಕಣಕ್ಕೆ ಹಬ್ಬಿದ್ದುದು ಲಿಬಿಯದ ಮರುಭೂಮಿ. ಐದಾರು ಕರ್ನಾಟಕಗಳು ಅದರಲ್ಲಿ ಅಡಗಿಹೋಗುತ್ತವೆ. ಅದರೊಳಗೆ ಮಹಾ ಮರಳುಗಡಲು ಎಂಬ ಭಾಗವೊಂದುಂಟು. ಅಲ್ಲಿ ನೂರಾರು ಅಡಿ ಎತ್ತರದ ಮರಳಿನ ಏರಿಗಳು ಬಡಗಣದಿಂದ ತೆಂಕಣಕ್ಕೆ ಒಂದರ ಪಕ್ಕ ಒಂದು ನೂರಾರು ಮೈಲಿ ಮಲಗಿವೆ. ಒಂಟೆಗಳೂ ಅದನ್ನು ಅಡ್ಡಲಾಗಿ ದಾಟಲು ಅಂಜುತ್ತಿದ್ದವು. ಮೋಟಾರು ಅಲ್ಲಿಗೆ ಹೋಗಲಾರದೆಂಬುದು ಬಲ್ಲವರ ತೀರ್ಪಾಗಿತ್ತು.

ಮರುಭೂಮಿಗೆ ಮೋಟಾರನ್ನು ಮೊದಲು ತಂದವನು ಬ್ಯಾಗ್ನೋಲ್ಡನಲ್ಲ. ಮೊದಲ ಮಹಾಯುದ್ಧದಲ್ಲಿಯೇ ಬ್ರಿಟಿಷರ ಲಘು ಕಾರು ಪಡೆಗಳು ಮಾಡೆಲ್ ಟಿ ಕಾರುಗಳಲ್ಲಿ ಸೀವಾದ ಕಡೆಯೆಲ್ಲ ಸುತ್ತಿದ್ದವು. ಆತನು ಬಳಸಿದ ಹಲವು ಉಪಾಯಗಳ ಮೂಲ ಅವರಲ್ಲಿಯೇ ಇದೆ. 1920ರ ದಶಕದಲ್ಲಿ ಈಜಿಪ್ಟಿನ ರಾಜಕುಮಾರ ಕೆಮಾಲ್ ಎದ್ದೀನನು ಹಿಂದಿನ ಗಾಲಿಗಳ ಬದಲು ಪಟ್ಟಿಗಳ ಮೇಲೆ ಉರುಳುವ ಸಿಟ್ರೋಯೆನ್ ಗಾಡಿಗಳನ್ನು ತರಿಸಿ, ಮುಂದಾಗಿ ಒಂಟೆಗಳ ಮೇಲೆ ಪೆಟ್ರೋಲು ನೀರುಗಳನ್ನು ಕಳುಹಿಸಿ, ತೆಂಕಣದ ತುದಿಯವರೆಗೂ ಹೋಗಿದ್ದನು. ಅದು ರಾಜಕುಮಾರರಿಗೆ ಒಪ್ಪುವ ಯಾತ್ರೆ. ಬ್ಯಾಗ್ನೋಲ್ಡನ ಗೆಳೆಯರು ತಮ್ಮ ರಜೆಯಲ್ಲಿ ತಮ್ಮ ಸಂಬಳದ ದುಡ್ಡಿನಿಂದ ಹೋಗಬೇಕಾದವರು. ಆದ್ದರಿಂದ ಅಂಗಡಿಯಲ್ಲಿ ಸಿಕ್ಕುವ ಸಾಧಾರಣ ಫೋರ್ಡ್ ಗಾಡಿಯನ್ನೇ ಮರಳಿಗೆ ಅಣಿಮಾಡಬೇಕಾಯಿತು. ಆತನ ಹೆಚ್ಚುಗಾರಿಕೆ ಇದರಲ್ಲಿದೆ ಎಂದು ನನ್ನ ಭಾವನೆ. ಬಡತನವಿಲ್ಲದಿದ್ದರೂ ಬಡವರ ಜಾಣ್ಮೆ ಆತನಿಗೆ ಬೇಕಾಯಿತು.

ಮೊದಲು ಗಾಡಿಯ ಮಾತು. ಬ್ಯಾಗ್ನೋಲ್ಡನು ಹೊಸದಾಗಿ ಸೇರಿಸಿದ್ದಕ್ಕಿಂತ ಕಿತ್ತು ಹಾಕಿದ್ದೇ ಮೊದಲು. ಬಾಗಿಲು, ಮೇಲುಹೊದಿಕೆ, ಮುಂದಿನ ಗಾಜು, ಹೀಗೆ ಓಡಲು ಬೇಡವಾದದ್ದೆಲ್ಲ ಇಳಿಯಿತು. ಹಿಂಭಾಗಕ್ಕೆ ಹಗುರವಾದ ಮರದ ಪೆಟ್ಟಿಗೆಯಂಥ ಒಡಲನ್ನು ಕೂರಿಸಿದರು. ಇಳಿಸಿದ ಪ್ರತಿಯೊಂದು ಸೇರಿಗೂ ಅಷ್ಟೇ ತೂಕದ ನೀರನ್ನೋ ಪೆಟ್ರೋಲನ್ನೋ ಹೇರಬಹುದಷ್ಟೆ. ಲಾರಿಯವರು ಕಮಾನು ಪಟ್ಟಿಯೆನ್ನುವ ಉಕ್ಕಿನ ಪಟ್ಟಿಗಳಿಗೆ ಮತ್ತಷ್ಟು ಪಟ್ಟಿಗಳನ್ನು ಕೊಟ್ಟು ಬಲಪಡಿಸಿದರು. ಒಂದೇ ಗಾಡಿಯಲ್ಲಿ ಹೋಗುವುದು ಆತ್ಮಹತ್ಯೆಗೆ ಸಮವೆಂದು ಬಗೆದು ಯಾವಾಗಲೂ ಹಲವನ್ನು ಜೊತೆಯಾಗಿ ನಡೆಸಿದರು. ಎಲ್ಲವೂ ಒಂದೇ ತಯಾರಿಕೆಯವಾದರೆ, ಒಂದು ಪೂರ್ತಿ ಕೆಟ್ಟು ನಿಂತರೂ ಅದರ ಭಾಗಗಳು ಉಳಿದವಕ್ಕೆ ಆಗುತ್ತವೆ.

ಇನ್ನು ಆ ನೀರಿನ ಡಬ್ಬಿ. ಅಂದಿನ ಗಾಡಿಗಳಲ್ಲಿ ರೇಡಿಯೇಟರಿನ ನೀರು ಕುದಿದರೆ ಆವಿಯು ಮೇಲ್ತುದಿಯ ಸಣ್ಣ ಕೊಳವೆಯಿಂದ ಹೊರಗೆ ಹೋಗಿಬಿಡುತ್ತಿತ್ತು. ಮೆತ್ತನೆಯ ಮರಳಿನಲ್ಲಿ ಮೆಲ್ಲನೆ ಏಗುವಾಗ, ಅದರಲ್ಲಿಯೂ ಬೆನ್ನಹಿಂದಿನಿಂದ ಗಾಳಿ ಬೀಸುವಾಗ, ಎಂಜಿನ್ನು ಬೇಗ ಕಾಯುತ್ತದೆ. ಕುಡಿಯಲು ಅಳೆದು ಕೊಡಬೇಕಾದ ನೀರನ್ನು ಎಂಜಿನ್ನಿಗೆ ಸುರಿಯುತ್ತ ಹೋದರೆ ಯಾತ್ರೆಯು ಕೆಲವು ದಿನಗಳಲ್ಲಿ ಮುಗಿದಂತೆಯೇ. ಅದಕ್ಕಾಗಿ ರೇಡಿಯೇಟರಿನ ಮುಚ್ಚಳವನ್ನು ಗಾಳಿಯಾಡದಂತೆ ಬಿಗಿದು, ಆವಿಯ ಕೊಳವೆಯನ್ನು ಗಾಡಿಯ ಪಕ್ಕಕ್ಕೆ ಬಿಗಿದ ಡಬ್ಬಿಯೊಂದಕ್ಕೆ ತಿರುಗಿಸಿದರು. ಡಬ್ಬಿಯಲ್ಲಿ ಅರ್ಧಮಟ್ಟ ತಣ್ಣೀರು. ಕೊಳವೆಯ ಬಾಯಿ ಆ ನೀರಿನಲ್ಲಿ ಮುಳುಗಿರುತ್ತದೆ. ಆವಿಯು ಬಂದು ಅಲ್ಲಿ ನೀರಾಗುತ್ತದೆ. ಡಬ್ಬಿಯ ನೀರೂ ಕುದಿದು ಗುಳುಗುಳು ಸದ್ದು ಮಾಡತೊಡಗಿದರೆ ಗಾಡಿಯ ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ ನಿಲ್ಲಿಸಬೇಕು. ರೇಡಿಯೇಟರು ಆರುತ್ತ ಬಂದ ಹಾಗೆ ಒಳಗೆ ಉಂಟಾದ ನಿರ್ವಾತವು ಡಬ್ಬಿಯ ನೀರನ್ನೆಲ್ಲ ಮರಳಿ ಎಳೆದುಕೊಳ್ಳುತ್ತದೆ. ಹನಿಯೂ ಪೋಲಾಗುವುದಿಲ್ಲ.

ಇದನ್ನು ನಾನು ತಂದೆಯವರಿಗೆ ಚಿತ್ರ ಬರೆದು ವಿವರಿಸಲು ಹೊರಟೆ. ಅವರು ಅರ್ಧಕ್ಕೇ ತಡೆದು, ನನ್ನನ್ನು ಲಾರಿಯ ಬಳಿಗೆ ಕರೆದುಕೊಂಡು ಹೋಗಿ, ಎಂಜಿನ್ನಿನ ಪಕ್ಕದ ಬಿಳಿಯ ಪ್ಲಾಸ್ಟಿಕ್ ಬಾಟಲಿಯನ್ನು ತೋರಿಸಿದರು. ಕಾದಾಗ ನೀರು ಅದಕ್ಕೆ ಬರುತ್ತದೆ, ಆರಿದಾಗ ಹಿಂದಕ್ಕೆ ಹೋಗುತ್ತದೆ. ನಾನು ಪುಸ್ತಕ ಹಿಡಿದು ಒಂದು ವಾರ ಕೂತು ತಿಳಿದದ್ದು ಅವರಿಗೆ ದಿನಬೆಳಗಾದರೆ ನೋಡುವ ಸಂಗತಿಯಾಗಿತ್ತು.

ಮರಳಿನಲ್ಲಿ ಹೂತ ಗಾಡಿಯನ್ನು ಎಬ್ಬಿಸಲು ಬ್ಯಾಗ್ನೋಲ್ಡನು ಕಂಡುಕೊಂಡ ಸಾಧನ ಉಕ್ಕಿನ ತೊಟ್ಟಿಪಟ್ಟಿ. ಹಿಂದಿನ ಯುದ್ಧದಲ್ಲಿ ನೆಲದೊಳಗಿನ ಅಡಗುತಾಣಗಳಿಗೆ ಸೂರಾಗಿ ಹಾಕಲೆಂದು ಮಾಡಿದ್ದ, ಸುಮಾರು ಐದು ಅಡಿ ಉದ್ದದ ಬಾಗು ತಗಡುಗಳು ಕೈರೋದ ಗುಜರಿಯಲ್ಲಿ ಸಿಕ್ಕಿದವು. ಹಿಂದಿನ ಚಕ್ರಗಳ ಮುಂದೆ ಮರಳು ತೋಡಿ ಅವನ್ನು ತೂರಿಸಿದರೆ ಚಕ್ರಗಳು ಹತ್ತಿಕೊಂಡು ಮುಂದೆ ಬರುತ್ತವೆ. ಎದ್ದ ಗಾಡಿ ನಿಲ್ಲುವ ಹಾಗಿಲ್ಲ. ಗಟ್ಟಿನೆಲ ಸಿಕ್ಕುವವರೆಗೆ ಓಡಲೇಬೇಕು. ಹಿಂದೆ ಉಳಿದವರು ಕಾದ ತಗಡನ್ನು ಹೊತ್ತುಕೊಂಡು ಅದರ ಹಿಂದೆ ಓಡುವರು. ಮುಂದಿನ ಚಕ್ರಗಳಿಗೆ ಬಿದಿರಿನ ಸೀಳುಗಳನ್ನು ಸೇರಿಸಿ ಹೊಲಿದ ಕ್ಯಾನ್‌ವಾಸಿನ ಚಾಪೆ. ಗೋಣಿಚೀಲ, ತಂಗಡಿ ಸೊಪ್ಪುಗಳ ದೊಡ್ಡಣ್ಣಂದಿರು ಇವು.

ಟೈರಿನ ಗಾಳಿ ಇಳಿಸುವುದೇಕೆಂಬುದನ್ನು ವಿಜ್ಞಾನದ ಗೆಳೆಯರು ಸುಲಭವಾಗಿ ಬಲ್ಲರು. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ಹರಡುತ್ತದೆ. ಅದೇ ಭಾರ ಹೆಚ್ಚು ನೆಲದ ಮೇಲೆ ಹಂಚಿಹೋಗುತ್ತದೆ. ಒಣಮರಳಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲವಾಗಿ, ಬರಿದೆ ಸುತ್ತುವ ಚಕ್ರವು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಕ್ಲೀನರ ಮಾತು ಕೇಳಿದ್ದರೆ ಅಂದು ನಮ್ಮ ಲಾರಿಗೂ ಅದೇ ಆಗುತ್ತಿತ್ತು.

ದಾರಿಯೇ ಇಲ್ಲದ ಕಡೆ ದಾರಿ ಹುಡುಕುವುದು ಮುಂದಿನ ಪ್ರಶ್ನೆ. ಅಯಸ್ಕಾಂತದ ದಿಕ್ಸೂಚಿಯು ಗಾಡಿಯ ಕಬ್ಬಿಣದಿಂದ ತಪ್ಪುಹೇಳುತ್ತದೆ. ಪ್ರತಿಸಲವೂ ಗಾಡಿ ನಿಲ್ಲಿಸಿ, ಇಳಿದು, ದೂರ ನಡೆದು ನೋಡಬೇಕು. ಮೆತ್ತನೆಯ ಮರಳಿನಲ್ಲಿ ನಿಂತರೆ ಹೂತಂತೆಯೇ. ಬ್ಯಾಗ್ನೋಲ್ಡನು ರೂಪಿಸಿದ ಸೂರ್ಯ ದಿಕ್ಸೂಚಿಯಲ್ಲಿ ಕಬ್ಬಿಣದ ಹಂಗಿಲ್ಲ. ಅಂಶಗಳನ್ನು ಗುರುತಿಸಿದ ಮಟ್ಟಸವಾದ ಬಿಲ್ಲೆ, ಅದರ ನಡುವೆ ನೆಟ್ಟಗೆ ನಿಂತ ಕಡ್ಡಿ. ಕಡ್ಡಿಯ ನೆರಳು ಬೇಕಾದ ಅಂಶದ ಮೇಲೆ ಬೀಳುವಂತೆ ಗಾಡಿ ನಡೆಸಿದರೆ ದಿಕ್ಕು ತಪ್ಪುವುದಿಲ್ಲ. ಸೂರ್ಯನು ಚಲಿಸುವವನಾದ್ದರಿಂದ, ಆ ಅಕ್ಷಾಂಶಕ್ಕೂ ಆ ದಿನಕ್ಕೂ ಲೆಕ್ಕಹಾಕಿದ ಪಟ್ಟಿಯನ್ನು ನೋಡಿಕೊಂಡು ಆಗಾಗ ಬಿಲ್ಲೆಯನ್ನು ತಿರುಗಿಸಬೇಕು. ನಡುಬೇಸಗೆಯ ನಡುಹಗಲಲ್ಲಿ ಸೂರ್ಯನು ನೆತ್ತಿಗೆ ಬಂದು ನೆರಳೇ ಇಲ್ಲವಾಗುತ್ತದೆ. ಆಗ ಗಾಡಿ ನಿಲ್ಲಿಸಿ ಅದರ ಅಡಿಯಲ್ಲಿ ಮಲಗುವುದೇ ಮಾರ್ಗ. ಓಡಿದ ಮೈಲಿಯನ್ನೂ ದಿಕ್ಕನ್ನೂ ಹಗಲೆಲ್ಲ ಬರೆದಿಟ್ಟು, ರಾತ್ರಿ ಥಿಯೊಡೊಲೈಟಿನಿಂದ ನಕ್ಷತ್ರಗಳನ್ನು ನೋಡಿ, ರೇಡಿಯೋದಲ್ಲಿ ಬರುವ ಸಮಯದ ಸಂಜ್ಞೆಯೊಂದಿಗೆ ತಾಳೆನೋಡಿ, ತಾವು ಭೂಮಿಯ ಮೇಲೆ ಎಲ್ಲಿದ್ದೇವೆಂಬುದನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ಕಡಲಿನ ನಾವಿಕರ ವಿದ್ಯೆಯೇ ಇದು.

ಮನುಷ್ಯನ ಸಿದ್ಧತೆ ಗಾಡಿಯದಕ್ಕಿಂತ ಕಷ್ಟ. ಮುಂದೆ ಯುದ್ಧಕಾಲದಲ್ಲಿ ಬ್ಯಾಗ್ನೋಲ್ಡನ ದಳದಲ್ಲಿ ಒಬ್ಬನಿಗೆ ದಿನಕ್ಕೆ ಆರು ಪಿಂಟ್, ಎಂದರೆ ಸುಮಾರು ಮೂರೂವರೆ ಲೀಟರು ನೀರು. ಚಹವೂ ಅದರಲ್ಲಿಯೇ. ಅಭ್ಯಾಸದಿಂದ ದೇಹಕ್ಕೆ ನೀರಿನ ಅಗತ್ಯವನ್ನು ಕಡಿಮೆಮಾಡಬಹುದೆಂದು ಅಂದಿನ ಎಷ್ಟೋ ಜನ ನಂಬಿದ್ದರು. ಅದು ಸಾಧ್ಯವಿಲ್ಲವೆಂಬುದು ಆಮೇಲಿನ ಸಂಶೋಧನೆಯಿಂದ ತಿಳಿದಿದೆ. ಬೆವರಾಗಿ ಹೋದ ನೀರು ಕುಡಿದೇ ತುಂಬಬೇಕು. ಅಭ್ಯಾಸದಿಂದ ಆಗುವುದು ಬೇರೆ: ಬಿಸಿಲೇರಿದಾಗ ಸುಮ್ಮನೆ ಕೂರುವುದು, ತಣ್ಣಗಿರುವಾಗ ದುಡಿಯುವುದು, ತಲೆಗೆ ಅರಬರಂತೆ ಬಟ್ಟೆ ಸುತ್ತುವುದು. ಕಾಲಿಗೆ ಬೂಟು ಹಾಕಿದರೆ ಒಳಗೆ ಮರಳು ಸೇರಿ ಕಾಲನ್ನು ಅರೆದುಹಾಕುತ್ತದೆ. ಬ್ಯಾಗ್ನೋಲ್ಡನು ಆರಿಸಿದ್ದು ನಮ್ಮ ಉಪಖಂಡದ ವಾಯುವ್ಯ ಗಡಿಯ ತೊಗಲಿನ ಪಾದರಕ್ಷೆ. ಆತನು ಕೆಲವು ವರ್ಷ ಭಾರತದಲ್ಲಿ ಸೇವೆಯಲ್ಲಿದ್ದವನು. ಅಲ್ಲಿಂದಲೇ ರಜೆ ಪಡೆದು ಮರುಭೂಮಿಗೆ ಹೋದದ್ದೂ ಉಂಟು. ಇಂಗ್ಲಿಷಿನಲ್ಲಿಯೂ ಅದಕ್ಕೆ ಚಪ್ಪಲಿ ಎಂದೇ ಹೆಸರು. ಸಹಾರಾದ ಮರಳಿನಲ್ಲಿ ಇಂಗ್ಲಿಷ್ ಅಧಿಕಾರಿಗಳು ಚಪ್ಪಲಿ ಮೆಟ್ಟಿಕೊಂಡು ಓಡಾಡುವುದನ್ನು ನೆನೆದರೆ, ಚಪ್ಪಲಿಯಲ್ಲಿ ತರಗತಿಗೆ ಬರಲು ನಾಚುತ್ತಿದ್ದ ನನಗೆ ನಗು ಬರುತ್ತದೆ.

ಇಷ್ಟೆಲ್ಲ ಅಣಿಮಾಡಿಕೊಂಡು 1929ರಲ್ಲಿ, 1930ರಲ್ಲಿ, 1932ರಲ್ಲಿ ಆತನು ದೊಡ್ಡ ಯಾತ್ರೆಗಳನ್ನು ಕೈಗೊಂಡನು. ಆ ವೇಳೆಗೆ ಗಾಡಿಯೂ ಹೊಸದು, ಮಾಡೆಲ್ ಎ ಫೋರ್ಡ್. ಜೊತೆಗೆ ಸೂಡಾನಿನ ಅರಣ್ಯ ಇಲಾಖೆಯ ಕೆನೆಡಿ ಷಾ ಮುಂತಾದವರು. ಹೆಸರಿಗೆ ಅವರು ಹುಡುಕುತ್ತಿದ್ದುದು ಜೆರ್ಜೂರಾ ಎಂಬ ಕಳೆದುಹೋದ ಓಯಸಿಸನ್ನು. ಹಳೆಯ ಅರಬೀ ಕಥೆಗಳಲ್ಲಿ ಅದರ ಹೆಸರಿದೆ. ಸಿಕ್ಕಲಿಲ್ಲ. ಸಿಕ್ಕಿದ್ದು ಮರಳು.

ಮಹಾ ಮರಳುಗಡಲಿನ ಮೂಡಣ ಅಂಚಿನಲ್ಲಿ ಐನ್ ದಲ್ಲಾ ಎಂಬ ಒಂದು ಚಿಲುಮೆಯುಂಟು. ಅದರಾಚೆಗೆ ನೀರಿಲ್ಲ. ಎದುರಿಗೆ ನಿಂತ ಮರಳಿನ ಗೋಡೆಯನ್ನು ನೋಡಿದವರಿಗೆ ಮೆಲ್ಲಗೆ ಹತ್ತಬೇಕೆಂದೇ ತೋರುವುದು ಸಹಜ. ಬ್ಯಾಗ್ನೋಲ್ಡನು ಮಾಡಿದ್ದು ಅದಕ್ಕೆ ವಿರುದ್ಧ. ಗಾಡಿಯನ್ನು ದೂರದಿಂದಲೇ ವೇಗವಾಗಿ ಬಿಟ್ಟು ಇಳಿಜಾರಿಗೆ ನೇರವಾಗಿ ನುಗ್ಗಿದನು. ಗಾಡಿ ಮುಗ್ಗರಿಸುವ ಬದಲು, ತೂಕವೇ ಇಲ್ಲದಂತೆ ಮೇಲಕ್ಕೆ ತೇಲಿಹೋಯಿತು. ಗಾಳಿಗೆ ಎದುರಾದ ಪಕ್ಕದಲ್ಲಿ ಮರಳಿನ ಕಣಗಳು ಒಂದೊಂದಾಗಿ ಬಡಿದು ಅಡಕವಾಗಿ ಕೂತಿರುತ್ತವೆ. ಓಡುವ ಗಾಡಿಯನ್ನು ಅದು ಹೊರುತ್ತದೆ, ನಿಂತದ್ದನ್ನು ನುಂಗುತ್ತದೆ. ಅಪಾಯ ಇರುವುದು ನೆತ್ತಿಯಲ್ಲಿ. ಆಚೆಯ ಪಕ್ಕವು ಸುಮಾರು 33 ಅಂಶದ ಕಡಿದಾದ ಜಾರು, ಮರಳು ತಾನಾಗಿ ನಿಲ್ಲಬಲ್ಲ ಕೊನೆಯ ಇಳಿಜಾರು, ಅಂಚು ಕತ್ತಿಯಂತೆ. ಅದೇ ವೇಗದಲ್ಲಿ ಹಾರಿದರೆ ಗಾಡಿಯೂ ಇಲ್ಲ, ಸವಾರನೂ ಇಲ್ಲ. ನುಗ್ಗುವ ಧೈರ್ಯವೂ ತುದಿಯಲ್ಲಿ ತಡೆಯುವ ಎಚ್ಚರವೂ ಕ್ಷಣದಲ್ಲಿ ಒಟ್ಟಿಗೆ ಬೇಕು. 1930ರಲ್ಲಿ ಮೋಟಾರು ಆ ಕಡಲನ್ನು ಮೂಡಣದಿಂದ ಪಡುವಣಕ್ಕೆ ದಾಟಿತು.

ಅಷ್ಟು ಹತ್ತಿರದಿಂದ ನೋಡಿದ ಮೇಲೆ, ಈ ದಿಬ್ಬಗಳಿಗೆ ಈ ಆಕಾರವೇಕೆ, ಒಂದೆಡೆ ಗಟ್ಟಿ ಒಂದೆಡೆ ಮೆತ್ತಗೆ ಏಕೆ ಎಂಬ ಪ್ರಶ್ನೆಗಳು ಆತನನ್ನು ಬಿಡಲಿಲ್ಲ. 1935ರಲ್ಲಿ ಸೈನ್ಯದಿಂದ ನಿವೃತ್ತನಾಗಿ, ಲಂಡನಿನ ಇಂಪೀರಿಯಲ್ ಕಾಲೇಜಿನಲ್ಲಿ ಜಾಗ ಕೇಳಿ ಪಡೆದು, ಗಾಜು ಹಲಗೆಗಳಿಂದ ತಾನೇ ಗಾಳಿಯ ಸುರಂಗವೊಂದನ್ನು ಕಟ್ಟಿ, ಅದರಲ್ಲಿ ಮರಳು ಹಾಕಿ ಗಾಳಿ ಬಿಟ್ಟು ನೋಡುತ್ತ ಕುಳಿತನು. ಯಾರೂ ಆತನಿಗೆ ಸಂಬಳ ಕೊಡುತ್ತಿರಲಿಲ್ಲ. ಮರಳು ದೂಳಿನಂತೆ ಗಾಳಿಯಲ್ಲಿ ತೇಲುವುದಿಲ್ಲ, ಜಿಗಿಯುತ್ತದೆ. ಜಿಗಿದು ಬಿದ್ದ ಕಣವು ಇತರ ಕಣಗಳನ್ನು ಎಬ್ಬಿಸುತ್ತದೆ. ಗಾಳಿಯ ಬಲ ಹೆಚ್ಚಿದಂತೆ ಸಾಗುವ ಮರಳು ಹೆಚ್ಚುಕಡಿಮೆ ಅದರ ಘನದ ಪ್ರಮಾಣದಲ್ಲಿ ಹೆಚ್ಚುತ್ತದೆ. ಎಂದರೆ ನೆಲದ ಮಟ್ಟದಲ್ಲಿ ಗಾಳಿಯ ಬಲ ಎರಡರಷ್ಟಾದರೆ ಮರಳು ಎಂಟರಷ್ಟು. 1938ರಲ್ಲಿ ಮರಳಿ ಈಜಿಪ್ಟಿಗೆ ಹೋಗಿ, ಬಿರುಗಾಳಿಯಲ್ಲಿ ನಿಂತು ತನ್ನ ಲೆಕ್ಕಗಳನ್ನು ಒರೆಗೆ ಹಚ್ಚಿ ನೋಡಿದನು. 1941ರಲ್ಲಿ ಅಚ್ಚಾದ ಆತನ ಗ್ರಂಥವು ಈ ವಿಷಯಕ್ಕೆ ಇಂದಿಗೂ ಮೂಲಗ್ರಂಥ. 1944ರಲ್ಲಿ ರಾಯಲ್ ಸೊಸೈಟಿಯು ಆತನನ್ನು ಸದಸ್ಯನನ್ನಾಗಿ ಆರಿಸಿತು.

ಅಷ್ಟರಲ್ಲಿ ಮತ್ತೊಂದು ಯುದ್ಧ. ಮರಳಿ ಕರೆಸಿಕೊಂಡ ಸೈನ್ಯವು ಆತನನ್ನು ಬೇರೆಲ್ಲಿಗೋ ಕಳುಹಿಸುತ್ತಿತ್ತು. 1939ರ ಅಕ್ಟೋಬರಿನಲ್ಲಿ ಮೆಡಿಟರೇನಿಯನ್ನಿನಲ್ಲಿ ಆತನಿದ್ದ ಹಡಗು ಇನ್ನೊಂದಕ್ಕೆ ಡಿಕ್ಕಿ ಹೊಡೆದು ದುರಸ್ತಿಗೆ ನಿಂತದ್ದರಿಂದ ಈಜಿಪ್ಟಿನಲ್ಲಿ ಇಳಿಯಬೇಕಾಯಿತು. ಮರುಭೂಮಿಯಲ್ಲಿ ಸಂಚರಿಸುವ ಸಣ್ಣ ಪಡೆಯೊಂದು ಬೇಕೆಂದು ಆತನು ಕೊಟ್ಟ ಸಲಹೆಯನ್ನು ಮೇಲಿನವರು ಎರಡು ಸಲ ತಳ್ಳಿಹಾಕಿದರು. 1940ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿದ ಮೇಲೆ ಅದೇ ಸಲಹೆ ಸೇನಾಧಿಪತಿ ವೇವೆಲನ ಮೇಜನ್ನು ಮುಟ್ಟಿತು. ನಮ್ಮ ದೇಶದ ವೈಸರಾಯ್ ಆಗಿ ಆಮೇಲೆ ಬಂದ ವೇವೆಲ್ ಇವನೇ. ಆರು ವಾರಗಳ ಗಡುವು ಕೊಟ್ಟು ಅಪ್ಪಣೆ ಮಾಡಿದನು. ಬ್ಯಾಗ್ನೋಲ್ಡನು ಷೆವ್ರೊಲೆ ಲಾರಿಗಳನ್ನು ಕೊಂಡು, ಸಾಲದ್ದನ್ನು ಈಜಿಪ್ಟಿನ ಸೈನ್ಯದಿಂದ ಬೇಡಿ ತಂದು, ಹಳೆಯ ಗೆಳೆಯರನ್ನು ಎಲ್ಲೆಲ್ಲಿಂದಲೋ ಕರೆಸಿ, ನ್ಯೂಜಿಲೆಂಡಿನ ದಂಡಿನಿಂದ ಸ್ವಯಂಸೇವಕರನ್ನು ಆರಿಸಿಕೊಂಡನು. ಅವರಲ್ಲಿ ಬಹುಮಂದಿ ಬೇಸಾಯಗಾರರು, ಯಂತ್ರವನ್ನು ತಮ್ಮದೆಂದು ನೋಡಿಕೊಳ್ಳುವ ಜನ. ಡಬ್ಬಿ, ತಗಡು, ಬಿಲ್ಲೆ, ಚಪ್ಪಲಿ ಎಲ್ಲವೂ ಮತ್ತೆ ಹೊರಬಂದವು. ಹತ್ತು ವರ್ಷ ಮೊದಲು ರಜೆಯಲ್ಲಿ ಕಲಿತದ್ದು ಆರು ವಾರಗಳಲ್ಲಿ ಒಂದು ಪಡೆಯಾಯಿತು. ಸಾವಿರಕ್ಕೂ ಹೆಚ್ಚು ಮೈಲಿಗೆ ಬೇಕಾದದ್ದೆಲ್ಲವನ್ನೂ ತಾನೇ ಹೊತ್ತು, ಎದುರಾಳಿಯು ನಿರೀಕ್ಷಿಸದ ತೆಂಕಣದ ಕಡೆಯಿಂದ ಬರಬಲ್ಲ ಪಡೆ. 1941ರ ಜನವರಿಯಲ್ಲಿ ಅದರ ತುಕಡಿಗಳು ಕೈರೋದಿಂದ ಸಾವಿರ ಮೈಲಿ ಆಚೆಯ ಮುರ್ಜುಕ್ ಕೋಟೆಯ ಮೇಲೆ ಬಿದ್ದವು. ಅದೇ ತಿಂಗಳ ಕೊನೆಯಲ್ಲಿ ಒಂದು ತುಕಡಿ ಸೋತು ಚದುರಿದಾಗ, ಮೂರ್ ಎಂಬ ಸೈನಿಕನೂ ಇನ್ನು ಮೂವರೂ ಒಂದು ಸಣ್ಣ ತಗಡಿನ ಡಬ್ಬಿಯ ನೀರಿನೊಡನೆ ಹತ್ತು ದಿನಗಳಲ್ಲಿ ಇನ್ನೂರು ಮೈಲಿಗೂ ಮಿಕ್ಕಿ ನಡೆದರು. ಅವರಲ್ಲೊಬ್ಬನು ಸಿಕ್ಕಿದ ಮೇಲೂ ಉಳಿಯಲಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಬ್ಯಾಗ್ನೋಲ್ಡನು ಸಾಮ್ರಾಜ್ಯದ ಸೈನಿಕ. ನಮ್ಮನ್ನು ಆಳುತ್ತಿದ್ದವರ ಕಡೆಯವನು. ಆತನು ಮೃತಲೋಕವೆಂದು ಬಣ್ಣಿಸಿದ ಆ ಮರುಭೂಮಿಯಲ್ಲಿ ಜನರಿದ್ದರು. 1931ರಲ್ಲಿ ಇಟಲಿಯವರು ಕುಫ್ರಾ ಓಯಸಿಸನ್ನು ಹಿಡಿದಾಗ ಅಲ್ಲಿನವರು ಒಂಟೆಗಳ ಮೇಲೆ, ಕಾಲ್ನಡಿಗೆಯಲ್ಲಿ ಈಜಿಪ್ಟಿನ ಕಡೆಗೆ ಓಡಿ, ಎಷ್ಟೋ ಮಂದಿ ನೀರಿಲ್ಲದೆ ದಾರಿಯಲ್ಲಿ ಸತ್ತರು. ಕೆಲವರನ್ನು ಬದುಕಿಸಿದ್ದು ಆ ವೇಳೆ ಅತ್ತ ಮೋಟಾರಿನಲ್ಲಿ ಮೋಜಣಿ ಮಾಡುತ್ತಿದ್ದ ಕ್ಲೇಟನ್ ಎಂಬವನು. ಮುಂದೆ ಅವನೂ ಬ್ಯಾಗ್ನೋಲ್ಡನ ಪಡೆ ಸೇರಿದ. ಆಮೇಲಿನ ಯುದ್ಧದಲ್ಲಿ ಇಟಲಿಯವರಾಗಲಿ ಬ್ರಿಟಿಷರಾಗಲಿ ಆ ನೆಲದವರನ್ನು ಕೇಳಿ ಅಲ್ಲಿಗೆ ಗಾಡಿ ಹೂಡಲಿಲ್ಲ. ಬ್ಯಾಗ್ನೋಲ್ಡನ ಜಾಣ್ಮೆಯನ್ನು ಮೆಚ್ಚುವಾಗ ನನಗೆ ಇದು ಮುಳ್ಳಿನಂತೆ ಚುಚ್ಚುತ್ತದೆ. ಹಾಗೆಂದು ಮೆಚ್ಚದೆ ಇರಲೂ ಆಗಿಲ್ಲ.

1941ರಲ್ಲಿಯೇ ಪಡೆಯನ್ನು ಹಳೆಯ ಗೆಳೆಯ ಪ್ರೆಂಡರ್‌ಗಾಸ್ಟನಿಗೆ ವಹಿಸಿದನು. 1946ರಲ್ಲಿ, ಐವತ್ತರ ವಯಸ್ಸಿನಲ್ಲಿ ಮದುವೆಯಾದನು, ಇಬ್ಬರು ಮಕ್ಕಳಾದರು. ಉಳಿದ ಆಯುಷ್ಯವೆಲ್ಲ ಮತ್ತೆ ಮರಳಿಗೇ. ಈ ಸಲ ನದಿಯ ನೀರಿನಲ್ಲಿ ಮರಳು ಸಾಗುವ ಬಗೆಗೆ. ಅಮೆರಿಕದ ಭೂವಿಜ್ಞಾನಿಗಳು 1970ರಲ್ಲಿ ತಮ್ಮ ಪೆನ್‌ರೋಸ್ ಪದಕವನ್ನೂ, ಲಂಡನಿನವರು 1971ರಲ್ಲಿ ವೊಲ್ಲಾಸ್ಟನ್ ಪದಕವನ್ನೂ ಕೊಟ್ಟರು. 1977ರಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ಅಮೆರಿಕದ ಅಂತರಿಕ್ಷ ಸಂಸ್ಥೆಯ ಸಭೆಯೊಂದರಲ್ಲಿ ಭೂಮಿಯ ಮತ್ತು ಮಂಗಳಗ್ರಹದ ಮರುಭೂಮಿಗಳ ವಿಷಯವಾಗಿ ಭಾಷಣ ಮಾಡಿದನು. 1990ರ ಮೇ 28ರಂದು ತೀರಿಕೊಂಡಾಗ ಆತನಿಗೆ 94 ವರ್ಷ.

ಮಂಗಳಗ್ರಹದ ಮೇಲಿನ ಒಂದು ಮರಳುದಿಬ್ಬಗಳ ಸಾಲಿಗೆ ಈಗ ಬ್ಯಾಗ್ನೋಲ್ಡನ ಹೆಸರಿದೆ. 2015ರ ಕೊನೆಯಲ್ಲಿ ಕ್ಯೂರಿಯಾಸಿಟಿ ಎಂಬ ಯಂತ್ರದ ಗಾಡಿಯು ಅಲ್ಲಿಗೆ ಹೋಗಿ ದಿಬ್ಬಗಳನ್ನು ಹತ್ತಿರದಿಂದ ನೋಡಿತು. ಅದಕ್ಕೂ ಮೊದಲು ಅದೇ ಗ್ರಹದಲ್ಲಿ ಸ್ಪಿರಿಟ್ ಎಂಬ ಇನ್ನೊಂದು ಗಾಡಿ 2009ರಲ್ಲಿ ಮೆತ್ತನೆಯ ಮಣ್ಣಿನಲ್ಲಿ ಹೂತುಹೋಯಿತು. ತಿಂಗಳುಗಟ್ಟಲೆ ಪ್ರಯತ್ನಿಸಿದರೂ ಏಳಲಿಲ್ಲ. ಇದನ್ನೆಲ್ಲ ಕಳೆದ ರಜೆಯಲ್ಲಿ ತಂದೆಯವರಿಗೆ ಹೇಳಿದೆ. ಅವರು ಬೀಡಿ ಆರಿಸಿ, ಆ ಗಾಡಿಯದು ಗಾಳಿ ಇಳಿಸುವಂಥ ಟೈರೇ ಎಂದು ಕೇಳಿದರು. ಅಲ್ಲ, ಲೋಹದ ಗಾಲಿ ಎಂದೆ. ಇಳಿದು ಮುಂದಿನ ಮಣ್ಣು ತೋಡುವುದಕ್ಕೆ ಜೊತೆಗೆ ಯಾರೂ ಹೋಗಿರಲಿಲ್ಲವೇ ಎಂದರು. ಇಲ್ಲವೆಂದೆ.